ರೀಬೌಂಡ್ ಹೊತ್ತಿಗೆ ಯಾವುದು ಫೌಲ್, ಯಾವುದು ಅಲ್ಲ? ಕೊಡಗಿನ ಬಾಸ್ಕೆಟ್‌ಬಾಲ್ ಬಳಗದ ಚರ್ಚೆ

ಕುಶಾಲನಗರ ಸೆಂಟರ್:
ಎಲ್ಲರಿಗೂ ನಮಸ್ಕಾರ. ಮಳೆ ಬಿಟ್ಟು ಪಂದ್ಯಗಳು ಶುರುವಾಗುವ ಮುಂಚೆ ರೀಬೌಂಡ್ (ಒಳಗೆ ಹೋಗದೆ ಪುಟಿದು ಬಂದ ಬಾಲ್ ಹಿಡಿಯುವುದು) ತಕರಾರುಗಳನ್ನು ಇಲ್ಲೇ ಬಗೆಹರಿಸಿಕೊಳ್ಳೋಣ. ನನ್ನ ಪ್ರಶ್ನೆ ಮೂರು. ಹಿಂದೆ ನಿಂತ ಎತ್ತರದ ಹುಡುಗ ಮುಂದಿನವನ ತಲೆ ಮೇಲಿಂದ ಕೈ ಚಾಚಿ ಬಾಲ್ ತೆಗೆದ ಕೂಡಲೇ ಬೆಂಚಿನಿಂದ ‘ಓವರ್ ದ ಬ್ಯಾಕ್’ ಅಂತ ಕೂಗು ಏಳುತ್ತೆ. ಮೈಗೆ ಮೈ ತಾಗದಿದ್ದರೂ ಅದು ಫೌಲಾ? ಬಾಕ್ಸ್ ಔಟ್ ಮಾಡುವವರು, ಅಂದರೆ ಎದುರಾಳಿ ರಿಂಗ್ ಕಡೆ ಬರದಂತೆ ಅಡ್ಡ ನಿಲ್ಲುವವರು, ಬೆನ್ನು ಕೊಟ್ಟು ಒತ್ತುವುದು ಎಲ್ಲಿಯವರೆಗೆ ಸರಿ? ಕೊನೆಯದು: ನಾವು ಶಾಟ್ ಹೊಡೆದ ಮೇಲೆ ನಮ್ಮವನೇ ರೀಬೌಂಡಿನಲ್ಲಿ ತಳ್ಳಿದರೆ ಎದುರಾಳಿಗೆ ಒಮ್ಮೊಮ್ಮೆ ಸೈಡ್ ಬಾಲ್ (ಗೆರೆಯ ಹೊರಗಿನಿಂದ ಬಾಲ್ ಒಳಗೆ ಎಸೆಯುವ ಅವಕಾಶ) ಸಿಗುತ್ತೆ, ಒಮ್ಮೊಮ್ಮೆ ಎರಡು ಫ್ರೀ ಥ್ರೋ. ಯಾವುದು ನಿಯಮ?

ಮಡಿಕೇರಿ ವಿಸಿಲ್:
ಮೊದಲ ಪ್ರಶ್ನೆಗೆ: ತಾಗದಿದ್ದರೆ ಫೌಲ್ ಇಲ್ಲ. ಎತ್ತರ ಇರುವುದು, ಕೈ ಉದ್ದ ಇರುವುದು, ಇನ್ನೊಬ್ಬನ ತಲೆ ಮೇಲಿಂದ ಬಾಲ್ ಎತ್ತಿಕೊಳ್ಳುವುದು ಇವು ಯಾವುವೂ ತಪ್ಪಲ್ಲ. ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಲ್ಲಿ ಆ ಹೆಸರಿನ ಫೌಲೇ ಇಲ್ಲ. ಹಿಂದಿನಿಂದ ತಪ್ಪು ನಡೆದಾಗ ರೆಫರಿ ಸ್ಕೋರರ್ ಟೇಬಲ್‌ಗೆ ತೋರಿಸುವುದು ತಳ್ಳಿದ ಸನ್ನೆ ಅಥವಾ ಹಿಡಿದ ಸನ್ನೆ.

ನೋಡಬೇಕಾದದ್ದು ಸಿಲಿಂಡರ್, ಅಂದರೆ ಆಟಗಾರನ ಸುತ್ತ ಅವನಿಗೆ ಸೇರಿದ ಜಾಗ. 33ನೇ ವಿಧಿಯ ಪ್ರಕಾರ ಅದು ಮುಂದೆ ಅಂಗೈಗಳವರೆಗೆ, ಹಿಂದೆ ಪೃಷ್ಠದವರೆಗೆ, ಪಕ್ಕದಲ್ಲಿ ತೋಳು-ಕಾಲುಗಳ ಹೊರ ಅಂಚಿನವರೆಗೆ. ಮುಂದೆ ಕೈ ಒಡ್ಡಿದರೆ ಅದು ಪಾದದ ಗೆರೆ ದಾಟಬಾರದು, ಮೊಣಕೈ ಮಡಚಿರಬೇಕು. ಈ ಜಾಗ ನೆಲದಿಂದ ನೇರ ಮೇಲಕ್ಕೂ ಅವನದೇ. ನೇರವಾಗಿ ಹಾರಿದರೆ ಆ ಎತ್ತರದಲ್ಲೂ ಅವನಿಗೇ ರಕ್ಷಣೆ. ತನ್ನ ಜಾಗ ಬಿಟ್ಟು ಇನ್ನೊಬ್ಬನ ಜಾಗಕ್ಕೆ ಹೋಗಿ ತಾಗಿಸಿದವನದು ತಪ್ಪು.

ಇದನ್ನು ರೀಬೌಂಡಿಗೆ ಹಚ್ಚಿ ನೋಡಿ. ಹಿಂದಿನವನು ತನ್ನ ಜಾಗದಲ್ಲೇ ನೇರ ಹಾರಿ ಬಾಲ್ ಹಿಡಿದ, ಮುಂದಿನವನು ಅಲ್ಲಾಡಲಿಲ್ಲ: ಆಟ ನಡೀಲಿ. ಹಿಂದಿನವನು ಮುಂದಕ್ಕೆ ವಾಲಿ ಎದೆಯಿಂದ ಮುಂದಿನವನ ಬೆನ್ನನ್ನು ದೂಡಿದ, ಅವನ ಹೆಜ್ಜೆ ಕಿತ್ತುಹೋಯಿತು: ಫೌಲ್. ಬಾಲ್‌ಗೇ ಕೈ ಹಾಕಿದ್ದೆ ಅನ್ನುವ ಸಮರ್ಥನೆ ಇಲ್ಲಿ ನಡೆಯುವುದಿಲ್ಲ. ಹಿಂದಿನಿಂದ ತಾಗಿಸುವುದಕ್ಕೆ ಬಾಲ್ ಆಡುವ ಪ್ರಯತ್ನ ನೆಪವಾಗದು ಅಂತ ನಿಯಮವೇ ಬಿಡಿಸಿ ಹೇಳುತ್ತದೆ.

ಇನ್ನೊಂದು ಸಂದರ್ಭ ಬಹಳ ಜನಕ್ಕೆ ತಿಳಿದಿಲ್ಲ. ಹಿಂದಿನವನು ಮುಂದಿನವನ ತಲೆ ಮೇಲೆ ಕೈ ಚಾಚಿದ್ದಾನೆ, ಇನ್ನೂ ತಾಗಿಲ್ಲ. ಆಗ ಮುಂದಿನವನು ನೇರ ಮೇಲೆ ಹಾರಿ ಅವನ ತಲೆಯೋ ಕೈಯೋ ಆ ಚಾಚಿದ ತೋಳಿಗೆ ಬಡಿಯಿತು. ಬಡಿದವನು ಮುಂದಿನವನೇ ಆದರೂ ಹೊಣೆ ಹಿಂದಿನವನದು. ಆ ಗಾಳಿ ಮುಂದಿನವನಿಗೆ ಸೇರಿದ್ದು.

ಪೊನ್ನಂಪೇಟೆ ಹಾಕಿ:
ನಮ್ಮ ಕಡೆ ಗ್ಯಾಲರಿಯಲ್ಲಿ ಗಲಾಟೆ ಆಗಲು ಇನ್ನೊಂದು ಕಾರಣ ಇದೆ ಸಾರ್. 1997ರಿಂದ ಕೊಡವ ಕೌಟುಂಬಿಕ ಹಾಕಿ ನೋಡಿಕೊಂಡು ಬಂದ ಕಣ್ಣುಗಳು ಇವು. ಹಾಕಿಯಲ್ಲಿ ಬಾಲ್ ಮತ್ತು ಎದುರಾಳಿ ನಡುವೆ ಮೈ ಒಡ್ಡಿ ಬಾಲ್ ಸಿಗದಂತೆ ಮಾಡಿದರೆ ಅಂಪೈರ್ ಅಬ್‌ಸ್ಟ್ರಕ್ಷನ್ ಅಂತ ಸೀಟಿ ಊದುತ್ತಾರೆ. ಬಾಸ್ಕೆಟ್‌ಬಾಲಿನಲ್ಲಿ ಬಾಕ್ಸ್ ಔಟ್ ಅಂದರೆ ಬಹುಮಟ್ಟಿಗೆ ಅದೇ ಕೆಲಸ, ಇಲ್ಲಿ ಮಾತ್ರ ಅದು ಸರಿ. ಆದ್ದರಿಂದ ಬೆನ್ನು ತಿರುಗಿಸಿ ದಾರಿ ತಡೆದವನನ್ನು ನೋಡಿದಾಗ ನಮ್ಮ ಹಿರಿಯರು ‘ಫೌಲ್ ಫೌಲ್’ ಅಂತ ಎದ್ದು ನಿಲ್ಲುತ್ತಾರೆ. ಹಾಕಿಯಲ್ಲಿ ಎದುರಾಳಿ ಮೇಲೆ ಹಿಮ್ಮುಖವಾಗಿ ಒತ್ತಿಕೊಂಡು ಹೋಗುವುದೂ ತಪ್ಪೇ. ಅದು ಇಲ್ಲಿಗೂ ಅನ್ವಯಿಸುತ್ತಾ?

ಗೋಣಿಕೊಪ್ಪ ಕೋಚ್:
ಅನ್ವಯಿಸುತ್ತೆ, ಕುಶಾಲನಗರದವರ ಎರಡನೇ ಪ್ರಶ್ನೆಯೂ ಅದೇ. ಬಾಕ್ಸ್ ಔಟ್ ಅಂದರೆ ಜಾಗ ಮೊದಲು ಹಿಡಿದು ಕಾಯುವುದು. ಇನ್ನೊಬ್ಬ ಹಿಡಿದ ಜಾಗದಿಂದ ಅವನನ್ನು ಕೀಳುವುದಕ್ಕೆ ಆ ಹೆಸರಿಲ್ಲ. ನೀನು ನಿಂತ ಮೇಲೆ ಹಿಂದಿನವನು ಬಂದು ನಿನ್ನ ಬೆನ್ನಿಗೆ ಒರಗಿದರೆ ಇಬ್ಬರ ಮೈ ತಾಗುತ್ತೆ, ಅದಕ್ಕೆ ಸೀಟಿ ಬೇಕಿಲ್ಲ. ನೀನೇ ಸೊಂಟ ಹಿಂದಕ್ಕೆ ಚುಚ್ಚಿ ಅವನನ್ನು ಹೆಜ್ಜೆ ಹೆಜ್ಜೆ ಹಿಂದೆ ಸರಿಸುತ್ತಾ ಹೋದರೆ ಫೌಲ್ ನಿನ್ನದು, ಬೆನ್ನು ತಿರುಗಿಸಿದ್ದರೂ ಸರಿ.

ಮಕ್ಕಳಿಗೆ ಕಲಿಸುವ ಕ್ರಮ ಹೀಗಿರಲಿ. ಶಾಟ್ ಕೈ ಬಿಟ್ಟ ಕೂಡಲೇ ಮೊದಲು ಎದುರಾಳಿಯನ್ನು ಹುಡುಕಬೇಕು, ಬಾಲ್ ನೋಡುವುದು ಆಮೇಲೆ. ಅವನು ರಿಂಗ್ ಕಡೆ ಬರುವ ದಾರಿಗೆ ಒಂದು ಹೆಜ್ಜೆ ಹಾಕಿ, ಆ ಕಾಲಿನ ಮೇಲೇ ತಿರುಗಿ ಬೆನ್ನು ಅವನ ಕಡೆ. ಪಾದಗಳು ಹೆಗಲಿಗಿಂತ ಚೂರು ಅಗಲ, ಮಂಡಿ ಬಗ್ಗಿರಬೇಕು. ಮೊಣಕೈ ಮಡಚಿ, ಅಂಗೈಗಳು ಹೆಗಲಿಗಿಂತ ಮೇಲೆ ರೆಫರಿಗೆ ಕಾಣುವ ಹಾಗೆ. ಬಾಲ್ ರಿಂಗ್ ಬಿಟ್ಟು ಬಂದ ಮೇಲೆ ಅವನನ್ನು ಬಿಟ್ಟು ಬಾಲ್‌ಗೆ ಹಾರುವುದು.

ಕೆಡುವುದು ಹೆಚ್ಚಾಗಿ ಕೈಯಿಂದ. ಬೆನ್ನ ಹಿಂದಿರುವವನು ಎಲ್ಲಿದ್ದಾನೆ ಅಂತ ತಿಳಿಯಲು ಹುಡುಗರು ಕೈ ಹಿಂದೆ ಹಾಕಿ ಅವನ ಸೊಂಟ ಬಳಸುತ್ತಾರೆ. ಅವನು ಪಕ್ಕಕ್ಕೆ ಸರಿಯಲು ಹೊರಟಾಗ ಆ ಕೈ ಕೊಕ್ಕೆ ಆಗುತ್ತೆ, ಅಲ್ಲಿಗೆ ಹಿಡಿದ ಫೌಲ್. ಮೊಣಕೈ ಎರಡೂ ಕಡೆ ರೆಕ್ಕೆಯ ಹಾಗೆ ಚಾಚಿದರೂ ಅಷ್ಟೇ, ಸಿಲಿಂಡರ್ ಹೊರಗೆ ಹೋಯಿತು. ಇನ್ನು ಕೆಲವರು ಕಾಲು ಅತಿಯಾಗಿ ಅಗಲಿಸಿ ನಿಲ್ಲುತ್ತಾರೆ. ಪಾದಗಳ ಅಂತರ ಆಟಗಾರನ ಎತ್ತರಕ್ಕೆ ತಕ್ಕಷ್ಟು ಇರಬೇಕು. ಹೊರಚಾಚಿದ ಮಂಡಿಗೆ ಓಡಿ ಬರುವವನು ಎಡವಿದರೆ ತಪ್ಪು ಮಂಡಿ ಇಟ್ಟವನದು.

ನಿಲ್ಲುವ ಜಾಗದ ಬಗ್ಗೆಯೂ ಹೇಳಬೇಕು. ರಿಂಗ್ ಕೆಳಗೇ ನಿಂತರೆ ಕೈಗೆ ಸಿಗುವುದು ಬಲೆಯಿಂದ ಬಿದ್ದ ಬಾಲ್ ಮಾತ್ರ. ರಿಂಗ್ ಕೆಳಗೆ ನೆಲದಲ್ಲಿ ಬರೆದ ನೋ-ಚಾರ್ಜ್ ಅರ್ಧವೃತ್ತ ರಿಂಗಿನ ನಡುಬಿಂದುವಿನ ನೇರ ಕೆಳಗಿನಿಂದ 1.25 ಮೀಟರ್. ಆ ಗೆರೆ ಕಾಲ ಹಿಂದೆ, ಅಂದರೆ ರಿಂಗ್ ಕಡೆಗೆ, ಇರುವ ಹಾಗೆ ಹೊರಗೆ ನಿಂತು ಎದುರಾಳಿಯನ್ನು ತಡೆಯಿರಿ, ಆಮೇಲೆ ತಿರುಗಿದಾಗ ಬಾಲ್ ಹಿಡಿಯಲು ಮುಂದೆ ಜಾಗ ಇರುತ್ತೆ.

ಮಡಿಕೇರಿ ವಿಸಿಲ್:
ಕೋಚ್ ಮೇಡಂ ಅರ್ಧವೃತ್ತದ ಮಾತು ತೆಗೆದದ್ದು ಒಳ್ಳೆಯದಾಯಿತು. ಆ ಗೆರೆಯ ಒಳಗೆ ನಿಂತ ಡಿಫೆಂಡರ್ ಏನು ಮಾಡಿದರೂ ಅವನದೇ ಫೌಲ್ ಅಂತ ಬಹಳ ಜನ ನಂಬಿದ್ದಾರೆ. ಆ ಗೆರೆ ಇರುವುದು ಬಾಲ್ ಕೈಯಲ್ಲಿ ಹಿಡಿದು ನುಗ್ಗಿ, ಗಾಳಿಯಲ್ಲಿ ಶಾಟ್ ಅಥವಾ ಪಾಸ್ ಮಾಡುವವನು ಡಿಕ್ಕಿ ಹೊಡೆದ ಸಂದರ್ಭಕ್ಕೆ. ಬಾಲ್ ಯಾರ ಕೈಯಲ್ಲೂ ಇಲ್ಲದ ರೀಬೌಂಡಿಗೆ ಅದರಿಂದ ವ್ಯತ್ಯಾಸ ಆಗದು. ಅರ್ಧವೃತ್ತದ ಒಳಗೆ ನಿಂತವನ ಬೆನ್ನಿಗೆ ದೂಡಿದರೂ ದೂಡಿದವನದೇ ಫೌಲ್.

ವಿರಾಜಪೇಟೆ ಸ್ಕೋರರ್:
ಮೂರನೇ ಪ್ರಶ್ನೆ ಟೇಬಲ್‌ಗೆ ಸೇರಿದ್ದು, ನಾನು ಬಿಡಿಸುತ್ತೇನೆ. ಪಂದ್ಯ ಸೋಲು-ಗೆಲುವು ಬದಲಾಗುವ ತಪ್ಪು ಇಲ್ಲೇ ಆಗುವುದು.

‘ಅಟ್ಯಾಕ್ ಮಾಡುವ ತಂಡ ಫೌಲ್ ಮಾಡಿದರೆ ಫ್ರೀ ಥ್ರೋ ಇಲ್ಲ’ ಅಂತ ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದಾರೆ. ನಿಯಮದಲ್ಲಿ ಇರುವುದು ಬಾಲ್ ಕಂಟ್ರೋಲ್ ಇರುವ ತಂಡ ಅಂತ. 14ನೇ ವಿಧಿ ಓದಿ: ಶಾಟ್ ಹೊಡೆದವನ ಕೈಯಿಂದ ಬಾಲ್ ಬಿಟ್ಟ ಕ್ಷಣಕ್ಕೇ ಆ ತಂಡದ ಕಂಟ್ರೋಲ್ ಮುಗಿಯಿತು. ಮತ್ತೆ ಯಾರಾದರೂ ಬಾಲ್ ಹಿಡಿಯುವವರೆಗೆ ಅದು ಯಾರದೂ ಅಲ್ಲ. ಈ ನಡುವೆ ಎ ತಂಡದವನು ಬಿ ತಂಡದವನನ್ನು ರೀಬೌಂಡಿನಲ್ಲಿ ತಳ್ಳಿದರೆ, ಎ ತಂಡ ಆ ಕ್ವಾರ್ಟರಿನಲ್ಲಿ ಆಗಲೇ 4 ಟೀಮ್ ಫೌಲ್ ಮಾಡಿದ್ದರೆ, ಬಿ ತಂಡಕ್ಕೆ 2 ಫ್ರೀ ಥ್ರೋ. 4 ತುಂಬಿಲ್ಲದಿದ್ದರೆ ಸೈಡ್ ಬಾಲ್. ಒಮ್ಮೊಮ್ಮೆ ಹಾಗೆ, ಒಮ್ಮೊಮ್ಮೆ ಹೀಗೆ ಕಾಣುವುದು ಈ ಕಾರಣಕ್ಕೆ.

ಅದೇ ಎ ತಂಡದವನು ರೀಬೌಂಡ್ ಹಿಡಿದುಕೊಂಡ ಮೇಲೆ ಅವನ ಜೊತೆಗಾರ ಯಾರನ್ನಾದರೂ ತಳ್ಳಿದರೆ ಆಗ ಕಂಟ್ರೋಲ್ ಎ ತಂಡದ್ದು. ಎಷ್ಟನೇ ಟೀಮ್ ಫೌಲ್ ಆದರೂ ಫ್ರೀ ಥ್ರೋ ಇಲ್ಲ, ಬಿ ತಂಡಕ್ಕೆ ಸೈಡ್ ಬಾಲ್ ಮಾತ್ರ. ಎರಡರ ನಡುವೆ ಅರ್ಧ ಸೆಕೆಂಡು ಅಂತರ ಇರಬಹುದು. ರೆಫರಿ ಮುಷ್ಟಿ ಕಟ್ಟಿ ಬಾಸ್ಕೆಟ್ ಕಡೆ ಚಾಚಿದರೆ ಕಂಟ್ರೋಲ್ ಇರುವ ತಂಡದ ಫೌಲ್ ಅಂತ ಅರ್ಥ. ರೀಬೌಂಡ್ ತಳ್ಳಾಟಕ್ಕೆ ಅಭ್ಯಾಸಬಲದಿಂದ ಆ ಮುಷ್ಟಿ ತೋರಿಸಿಬಿಟ್ಟರೆ ಟೇಬಲ್‌ನಲ್ಲೂ ತಪ್ಪು ಬರೆಯುತ್ತಾರೆ.

ಎರಡೂ ಬಗೆಯ ಫೌಲ್ ಟೀಮ್ ಫೌಲ್ ಲೆಕ್ಕಕ್ಕೆ ಸೇರುತ್ತೆ, ಆಟಗಾರನ 5ರ ಲೆಕ್ಕಕ್ಕೂ ಸೇರುತ್ತೆ. ‘ಅಟ್ಯಾಕ್ ಫೌಲ್ ಲೆಕ್ಕಕ್ಕಿಲ್ಲ’ ಅಂತ ಟೇಬಲ್‌ಗೆ ಬಂದು ವಾದಿಸುವವರು ಇದನ್ನು ಗಮನಿಸಿ.

ಕುಶಾಲನಗರ ಸೆಂಟರ್:
ಬಾಲ್ ಇನ್ನೂ ಗಾಳಿಯಲ್ಲಿದ್ದಾಗಲೇ ಕೆಳಗೆ ತಳ್ಳಾಟಕ್ಕೆ ಸೀಟಿ ಬಿತ್ತು, ಆಮೇಲೆ ಬಾಲ್ ಒಳಗೆ ಹೋಯಿತು ಅಂತಿಟ್ಟುಕೊಳ್ಳಿ. ಆಗ ಅಂಕ?

ವಿರಾಜಪೇಟೆ ಸ್ಕೋರರ್:
ಅಂಕ ಉಂಟು. ಶಾಟ್ ಗಾಳಿಯಲ್ಲಿದ್ದಾಗ ಸೀಟಿ ಬಿದ್ದರೂ ಬಾಲ್ ಡೆಡ್ (ಆಟದಿಂದ ಹೊರಗೆ) ಆಗುವುದಿಲ್ಲ. ಉದಾಹರಣೆಗೆ ಡಿಫೆಂಡರ್ ಒಬ್ಬ ಶಾಟ್ ಹೊಡೆಯದ ಇನ್ನೊಬ್ಬನನ್ನು ಹಿಡಿದ, ಬಾಲ್ ಒಳಗೆ ಹೋಯಿತು. ಬಾಸ್ಕೆಟ್ ಬರೆದುಕೊಂಡು, ಆಮೇಲೆ ಫೌಲಿನ ಶಿಕ್ಷೆ. 4 ತುಂಬಿಲ್ಲದಿದ್ದರೆ ಬಾಸ್ಕೆಟ್ ಹಾಕಿದ ತಂಡಕ್ಕೇ ಮತ್ತೆ ಸೈಡ್ ಬಾಲ್. ಇದು ಅನ್ಯಾಯ ಅಂತ ಕೂಗುವವರು ಇದ್ದಾರೆ, ಆದರೆ ನಿಯಮ ಸ್ಪಷ್ಟ. ಬಾಲ್ ಒಳಗೆ ಹೋಗದೆ ರಿಂಗ್‌ಗೆ ತಾಗಿ ಬಂದಾಗ ಡಿಫೆಂಡರ್ ಫೌಲ್ ಮಾಡಿದರೆ ಸೈಡ್ ಬಾಲ್ ಜೊತೆ ಶಾಟ್ ಕ್ಲಾಕ್‌ನಲ್ಲಿ (ಶಾಟ್ ಹೊಡೆಯಲು ಉಳಿದ ಸಮಯ ತೋರಿಸುವ ಗಡಿಯಾರ) 14 ಸೆಕೆಂಡು.

ಸೋಮವಾರಪೇಟೆ ಫಾರ್ವರ್ಡ್:
ಹಾರಿದವನ ಕಾಲ ಕೆಳಗೆ ಹೋಗಿ ನಿಲ್ಲುವುದರ ಬಗ್ಗೆ ಯಾರೂ ಬರೆದಿಲ್ಲವಲ್ಲ ಅಣ್ಣ. ನನ್ನ ಕಣ್ಣಿಗೆ ಅದೇ ಎಲ್ಲಕ್ಕಿಂತ ಅಪಾಯದ್ದು. ‘ನಾನು ಬಾಕ್ಸ್ ಔಟ್ ಮಾಡ್ತಿದ್ದೆ, ಅವನೇ ನನ್ನ ಮೇಲೆ ಬಿದ್ದ’ ಅಂತಾರೆ.

ಮಡಿಕೇರಿ ವಿಸಿಲ್:
ಸರಿಯಾಗಿ ಹೇಳಿದಿರಿ. ಹಾರಿದವನಿಗೆ ಹಾರಿದ ಜಾಗದಲ್ಲೇ ಇಳಿಯುವ ಹಕ್ಕು ಇದೆ. ಬೇರೆ ಜಾಗದಲ್ಲೂ ಇಳಿಯಬಹುದು, ಆದರೆ ಅವನು ನೆಲ ಬಿಟ್ಟ ಹೊತ್ತಿಗೆ ಆ ಜಾಗವೂ ಅಲ್ಲಿಗೆ ಹೋಗುವ ನೇರ ದಾರಿಯೂ ಖಾಲಿ ಇರಬೇಕು. ಹಾಗಾಗಿ ರೆಫರಿ ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ: ಇವನು ನೆಲ ಬಿಟ್ಟಾಗ ಆ ಇನ್ನೊಬ್ಬ ಎಲ್ಲಿದ್ದ? ಮೊದಲೇ ಅಲ್ಲಿ ನಿಂತಿದ್ದರೆ ಹಾರಿದವನ ಫೌಲ್. ಹಾರಿದ ಮೇಲೆ ಒಳಗೆ ಸರಿದಿದ್ದರೆ ಸರಿದವನ ಫೌಲ್. ಒಳಗೆ ಸರಿದು ಕಾಲು ತಪ್ಪಿಸಿದ್ದು ಸಾಮಾನ್ಯವಾಗಿ ಅನ್‌ಸ್ಪೋರ್ಟ್ಸ್‌ಮನ್‌ಲೈಕ್ (ಕ್ರೀಡಾಸ್ಫೂರ್ತಿಗೆ ವಿರುದ್ಧವಾದ) ಫೌಲ್ ಅಂತಲೇ ನಿಯಮ ಹೇಳುತ್ತದೆ, ತೀರಾ ಕೆಟ್ಟದಾಗಿದ್ದರೆ ಡಿಸ್‌ಕ್ವಾಲಿಫೈಯಿಂಗ್ (ಪಂದ್ಯದಿಂದಲೇ ಹೊರಹಾಕುವ ಫೌಲ್) ತನಕ ಹೋಗಬಹುದು. ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಅಂದರೆ 2 ಫ್ರೀ ಥ್ರೋ, ಅದಾದ ಮೇಲೆ ಬಾಲ್ ಕೂಡ ಅದೇ ತಂಡಕ್ಕೆ. ಒಬ್ಬನಿಗೇ ಅಂಥವು ಎರಡಾದರೆ ಅವನು ಪಂದ್ಯದಿಂದ ಹೊರಗೆ.

ನಮ್ಮ ಜಿಲ್ಲೆಯಲ್ಲಿ ಇದನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿಯಬೇಕು. ಬಯಲು ಸಿಮೆಂಟ್ ಕೋರ್ಟ್‌ಗಳಲ್ಲಿ ಮಳೆಗಾಲದ ಪಾಚಿ ಅಕ್ಟೋಬರ್ ಬಂದರೂ ಪೂರ್ತಿ ಹೋಗಿರುವುದಿಲ್ಲ. ಇಳಿಯುವಾಗ ಸ್ವಲ್ಪ ತಳ್ಳಿದರೂ ಕಾಲು ಜಾರಿ ತಲೆಯೋ ಬೆನ್ನೋ ನೆಲಕ್ಕೆ ಬಡಿಯುತ್ತದೆ. ಪಂದ್ಯದ ಹಿಂದಿನ ದಿನವೇ ರಿಂಗ್ ಕೆಳಗಿನ ಜಾಗವನ್ನು ಬ್ಲೀಚಿಂಗ್ ಪುಡಿ ಹಾಕಿ ಗಟ್ಟಿ ಪೊರಕೆಯಲ್ಲಿ ಉಜ್ಜಿ ತೊಳೆದು ಒಣಗಿಸಿಡಿ.

ಗೋಣಿಕೊಪ್ಪ ಕೋಚ್:
ಇಳಿದ ಮೇಲಿನ ಮೊಣಕೈ ವಿಷಯವನ್ನೂ ಸೇರಿಸಿ. ರೀಬೌಂಡ್ ಹಿಡಿದವನ ಸುತ್ತ ಇಬ್ಬರು ಮುತ್ತಿದರೆ ಬಾಲ್ ಗಲ್ಲದ ಕೆಳಗೆ ಹಿಡಿದು ಮೊಣಕೈ ಬೀಸುತ್ತಾರೆ. ಮೊಣಕೈ ಅಗಲಿಸಿ ಹಿಡಿಯುವುದಕ್ಕೂ ಬೀಸುವುದಕ್ಕೂ ವ್ಯತ್ಯಾಸ ಇದೆ. ಪಾದ, ಸೊಂಟ, ಹೆಗಲು ಎಲ್ಲ ಒಟ್ಟಿಗೆ ಪಿವಟ್ ಆಗಿ (ಒಂದು ಕಾಲು ಊರಿದಲ್ಲೇ) ತಿರುಗಿದರೆ ಮೊಣಕೈಯೂ ಅದೇ ವೇಗದಲ್ಲಿ ತಿರುಗುತ್ತೆ. ಮೈ ನಿಂತಲ್ಲೇ ಇದ್ದು ಮೊಣಕೈ ಮಾತ್ರ ಬೀಸಿದರೆ ಅದು ಬೆದರಿಸುವ ಬೀಸು.

ಮಡಿಕೇರಿ ವಿಸಿಲ್:
ಹೌದು. ಅತಿಯಾಗಿ ಬೀಸಿ ಯಾರಿಗೂ ತಾಗದಿದ್ದರೂ ಟೆಕ್ನಿಕಲ್ ಫೌಲ್ ಕೊಡಬಹುದು, ಎದುರಾಳಿಗೆ 1 ಫ್ರೀ ಥ್ರೋ. ತಾಗಿದರೆ ವೈಯಕ್ತಿಕ ಫೌಲ್, ಜೋರಾಗಿ ತಾಗಿದರೆ ಅದಕ್ಕಿಂತ ಮೇಲಿನದು. ‘ತಾಗಲೇ ಇಲ್ಲವಲ್ಲ’ ಅನ್ನುವ ವಾದ ಇಲ್ಲಿ ಮಾತ್ರ ನಿಲ್ಲುವುದಿಲ್ಲ.

ಪೊನ್ನಂಪೇಟೆ ಹಾಕಿ:
ಒಂದು ಸಂದೇಹ. ಹಿಂದಿನಿಂದ ದೂಡಿದ್ದು ಸ್ಪಷ್ಟ, ಆದರೂ ದೂಡಿಸಿಕೊಂಡವನಿಗೇ ಬಾಲ್ ಸಿಕ್ಕಿತು. ಆಗ ಸೀಟಿ ಊದಬೇಕಾ? ಹಾಕಿಯಲ್ಲಾದರೆ ಅಡ್ವಾಂಟೇಜ್ ಕೊಟ್ಟು ಬಿಡುತ್ತಾರೆ.

ಮಡಿಕೇರಿ ವಿಸಿಲ್:
ಇಲ್ಲೂ ಲಾಭ-ನಷ್ಟ ತೂಗಿ ನೋಡಬೇಕು ಅಂತ ನಿಯಮದಲ್ಲಿದೆ. ಸಣ್ಣ ಸೋಂಕು, ಮುಂದಿನವನ ಸಮತೋಲ ತಪ್ಪಲಿಲ್ಲ, ಬಾಲ್ ಅವನ ಕೈಗೇ ಬಂತು, ತಂಡ ಓಡಲು ಹೊರಟಿದೆ ಅಂದರೆ ಸೀಟಿ ತಡೆಹಿಡಿಯುತ್ತೇನೆ. ಊದಿದರೆ ಅವನ ಫಾಸ್ಟ್ ಬ್ರೇಕ್ ಹಾಳಾಗಿ, ತಪ್ಪು ಮಾಡಿದವನಿಗೇ ಲಾಭ.

ಗೋಣಿಕೊಪ್ಪ ಕೋಚ್:
ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹೈಸ್ಕೂಲ್ ಮಟ್ಟದಲ್ಲಿ ಮೊದಲ ಕ್ವಾರ್ಟರಿನ ಎರಡು ದೂಡುವಿಕೆ ಬಿಟ್ಟರೆ ಮೂರನೇ ಕ್ವಾರ್ಟರ್ ಹೊತ್ತಿಗೆ ಅದು ಭುಜದ ಪೆಟ್ಟಾಗಿರುತ್ತೆ. ಮಕ್ಕಳು ಸೀಟಿ ಕೇಳಿಯೇ ಎಲ್ಲೆ ಕಲಿಯುವುದು. ಬಾಲ್ ಯಾರಿಗೆ ಸಿಕ್ಕಿತು ಅಂತ ನೋಡಿ ತೀರ್ಮಾನಿಸಿದರೆ ದೂಡಿದವನಿಗೆ ಪಾಠ ಆಗುವುದೇ ಇಲ್ಲ. ಬೆನ್ನಿಗೆ ಎರಡೂ ಕೈ ಇಟ್ಟು ದೂಡಿದ್ದಕ್ಕೆ ಬಾಲ್ ಎಲ್ಲೇ ಬಿದ್ದರೂ ಊದಿ.

ಮಡಿಕೇರಿ ವಿಸಿಲ್:
ಎರಡು ಕೈ ಇಟ್ಟು ದೂಡಿದ್ದು ಸಣ್ಣ ಸೋಂಕಲ್ಲ, ಅದಕ್ಕೆ ಊದಲೇಬೇಕು, ಅಷ್ಟಕ್ಕೆ ಒಪ್ಪಿದೆ. ಎದೆ-ಬೆನ್ನು ತಾಗುವ ಮಟ್ಟದ್ದನ್ನು ಮಾತ್ರ ತಡೆದು ನೋಡುವುದೇ ಸರಿ ಅಂತ ನನ್ನ ನಿಲುವು.

ಇನ್ನು ಇದನ್ನೆಲ್ಲ ಕಾಣುವುದು ಹೇಗೆ? ನಮ್ಮಲ್ಲಿ ಹೆಚ್ಚಿನ ಪಂದ್ಯಕ್ಕೆ ಇಬ್ಬರೇ ರೆಫರಿ. ಎಂಡ್ ಲೈನ್ ಬಳಿ ಇರುವ ಲೀಡ್ ಶಾಟ್ ಹೊರಟ ಮೇಲೆ ತಲೆ ಎತ್ತಿ ಬಾಲ್ ನೋಡಬಾರದು, ಪೇಂಟ್‌ನಲ್ಲಿರುವ (ರಿಂಗ್ ಮುಂದಿನ ಆಯತದಲ್ಲಿರುವ) ಮೈಗಳನ್ನು ನೋಡಬೇಕು. ಬಾಲ್ ಹಾರಾಟ ನೋಡುವುದು ಹಿಂದಿರುವ ಟ್ರೇಲ್ ಕೆಲಸ. ಆದರೆ ಲೀಡ್‌ಗೆ ಕಾಣುವುದು ಬಾಕ್ಸ್ ಔಟ್ ಮಾಡಿದವನ ಮುಂಭಾಗ ಮಾತ್ರ, ಬೆನ್ನ ಮೇಲೆ ಏನಾಯಿತು ಅನ್ನುವುದು ಮರೆಯಾಗುತ್ತದೆ. ಅದಕ್ಕೇ ಟ್ರೇಲ್ ಶಾಟ್ ಹೊರಟಾಗ ಅಲ್ಲೇ ನಿಲ್ಲದೆ, ಓಡಿ ಹಿಂದಿರುಗುವ ಆತುರವನ್ನೂ ಮಾಡದೆ, ಎರಡು ಹೆಜ್ಜೆ ಒಳಗೆ ಬರಬೇಕು. ಇಬ್ಬರ ನಡುವಿನ ಸಂದು ಕಂಡರೆ ಮಾತ್ರ ಯಾರು ಯಾರನ್ನು ಸರಿಸಿದರು ಅಂತ ತಿಳಿಯುವುದು. ಸಂದು ಕಾಣದೆ, ಮುಂದಿನವನು ಮುಗ್ಗರಿಸಿದ ಅಂತ ಊಹಿಸಿ ಊದಿದ ಸೀಟಿಗಳೇ ಅತಿ ಹೆಚ್ಚು ತಪ್ಪುವುದು.

ಸೋಮವಾರಪೇಟೆ ಫಾರ್ವರ್ಡ್:
ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡರೆ?

ವಿರಾಜಪೇಟೆ ಸ್ಕೋರರ್:
ಡಬಲ್ ಫೌಲ್. ಇಬ್ಬರಿಗೂ ಒಂದೊಂದು ಬರೆಯಬೇಕು, ಫ್ರೀ ಥ್ರೋ ಇಲ್ಲ. ರೀಬೌಂಡ್ ಹೊತ್ತಿಗೆ ಕಂಟ್ರೋಲ್ ಯಾರಿಗೂ ಇಲ್ಲದ ಕಾರಣ ಜಂಪ್ ಬಾಲ್ ಸಂದರ್ಭ, ಅಂದರೆ ಟೇಬಲ್ ಮೇಲಿನ, ಸರದಿ ತೋರಿಸುವ ಬಾಣ ಯಾವ ಕಡೆ ಇದೆಯೋ ಆ ತಂಡಕ್ಕೆ ಬಾಲ್. ಬಾಣ ತಿರುಗಿಸಬೇಕಾದ್ದು ಆ ಥ್ರೋ-ಇನ್ ಮುಗಿದ ಮೇಲೆ. ಸೀಟಿ ಬಿದ್ದ ಕೂಡಲೇ ತಿರುಗಿಸಿಬಿಟ್ಟರೆ ಬಾಲ್ ಯಾರದು ಅನ್ನುವುದೇ ಗೊಂದಲ ಆಗುತ್ತದೆ.

ಕುಶಾಲನಗರ ಸೆಂಟರ್:
ಫ್ರೀ ಥ್ರೋ ರೀಬೌಂಡ್ ಬಗ್ಗೆಯೂ ಹೇಳಿಬಿಡಿ ಸಾರ್. ಗೆರೆ ಬೇಗ ದಾಟಿದರೆ ಫೌಲ್ ಅಂತಾರೆ ಕೆಲವರು.

ಮಡಿಕೇರಿ ವಿಸಿಲ್:
ಅದು ವಯಲೇಷನ್ (ಬರೀ ನಿಯಮಭಂಗ), ಫೌಲ್ ಲೆಕ್ಕಕ್ಕೆ ಬರುವುದಿಲ್ಲ. ಪೇಂಟ್ ಅಂಚಿನ ಸಾಲಿನಲ್ಲಿ ಹೆಚ್ಚೆಂದರೆ 5 ಜನ: ಡಿಫೆನ್ಸ್ 3, ಶೂಟರ್ ಕಡೆಯ 2. ರಿಂಗ್‌ಗೆ ಹತ್ತಿರದ ಎರಡು ಜಾಗ ಡಿಫೆನ್ಸ್‌ದು. ಶೂಟರ್ ಕೈಯಿಂದ ಬಾಲ್ ಬಿಟ್ಟ ಮೇಲೆ ಸಾಲಿನ ಐವರೂ ಒಳಗೆ ಬರಬಹುದು. ಉಳಿದವರೆಲ್ಲ ಫ್ರೀ ಥ್ರೋ ಗೆರೆಯ ನೇರಕ್ಕಿಂತ ಹಿಂದೆ, 3 ಪಾಯಿಂಟ್ ಗೆರೆಯ ಹೊರಗೆ, ಫ್ರೀ ಥ್ರೋ ಮುಗಿಯುವವರೆಗೆ. ಶೂಟರ್ ಮಾತ್ರ ಬಾಲ್ ರಿಂಗ್‌ಗೆ ತಾಗುವ ತನಕ ಅಥವಾ ಒಳಗೆ ಹೋಗುವ ತನಕ ಗೆರೆ ಮುಟ್ಟುವಂತಿಲ್ಲ.

ಸಾಲಿನವರು ಬೇಗ ನುಗ್ಗಿದರೂ ಬಾಲ್ ಒಳಗೆ ಹೋದರೆ ಆ ತಪ್ಪನ್ನು ಲೆಕ್ಕಿಸುವುದಿಲ್ಲ. ಹೋಗದಿದ್ದರೆ, ನುಗ್ಗಿದ್ದು ಡಿಫೆನ್ಸ್ ಆದರೆ ಶೂಟರ್‌ಗೆ ಇನ್ನೊಂದು ಅವಕಾಶ. ಶೂಟರ್ ಜೊತೆಗಾರ ನುಗ್ಗಿ, ಅದು ಕೊನೆಯ ಫ್ರೀ ಥ್ರೋ ಆಗಿದ್ದರೆ ಬಾಲ್ ಎದುರಾಳಿಗೆ. ಶೂಟರ್ ತಾನೇ ತಪ್ಪಿದರೆ ಒಳಗೆ ಹೋದ ಅಂಕವೂ ರದ್ದು.

ಗೋಣಿಕೊಪ್ಪ ಕೋಚ್:
ಅಲ್ಲಿ ಮೂರನೇ ಡಿಫೆಂಡರ್ ಕೆಲಸ ಶೂಟರ್‌ನನ್ನು ಬಾಕ್ಸ್ ಔಟ್ ಮಾಡುವುದು. ಅವನು ಹೆಚ್ಚಾಗಿ ಓಡಿ ಬಂದು ಭುಜದಿಂದ ಶೂಟರ್‌ಗೆ ಗುದ್ದುತ್ತಾನೆ, ಅದು ನೇರ ಫೌಲ್. ಬಾಲ್ ಕೈ ಬಿಟ್ಟ ಮೇಲೆ ಒಂದು ಹೆಜ್ಜೆ ಅಡ್ಡ ಹಾಕಿ ಶೂಟರ್ ಮುಂದೆ ಹೋಗಿ ನಿಂತು ತಿರುಗಿದರೆ ಸಾಕು. ಶೂಟರ್ ಹೇಗೂ ರಿಂಗ್‌ಗೆ ತಾಗುವವರೆಗೆ ಕಾಯಬೇಕು, ಅಷ್ಟರಲ್ಲಿ ಜಾಗ ನಮ್ಮದು.

ಸೋಮವಾರಪೇಟೆ ಫಾರ್ವರ್ಡ್:
ರೀಬೌಂಡ್ ಹಿಡಿಯದೆ ಒಂದೇ ಕೈಯಲ್ಲಿ ಮತ್ತೆ ರಿಂಗ್ ಕಡೆ ತಟ್ಟುವಾಗ ಕೈಗೆ ಹೊಡೆದರೆ ಶಾಟ್ ಫೌಲಾ, ಸಾದಾ ಫೌಲಾ? ಮತ್ತೆ, ಅಟ್ಯಾಕ್ ಮಾಡುವವನು ರೀಬೌಂಡನ್ನು ಹಿಂದಕ್ಕೆ ತಟ್ಟಿ ಬಾಲ್ ಅರ್ಧ ಗೆರೆ ದಾಟಿ, ಅವನ ಜೊತೆಗಾರನೇ ಎತ್ತಿಕೊಂಡರೆ ಬ್ಯಾಕ್ ಕೋರ್ಟ್ (ಬಾಲನ್ನು ತಮ್ಮ ಹಿಂದಿನ ಅರ್ಧಕ್ಕೆ ಒಯ್ದ ತಪ್ಪು) ಆಗುತ್ತಾ? ರೀಬೌಂಡ್‌ಗೆ ಕಾಯುತ್ತಾ ಪೇಂಟ್‌ನಲ್ಲಿ ಮೂರು ಸೆಕೆಂಡು ಮೀರಿದರೆ?

ವಿರಾಜಪೇಟೆ ಸ್ಕೋರರ್:
ಎದುರಾಳಿಯ ರಿಂಗ್ ಕಡೆ ತಟ್ಟುವುದೂ ನಿಯಮದ ಪ್ರಕಾರ ಶಾಟ್. ಹಾಗಾಗಿ ಶಾಟ್ ಫೌಲ್: ಬಾಲ್ ಒಳಗೆ ಹೋದರೆ ಅಂಕ ಮತ್ತು 1 ಫ್ರೀ ಥ್ರೋ, ಹೋಗದಿದ್ದರೆ 2. ಉಳಿದ ಎರಡಕ್ಕೂ ಉತ್ತರ ಮೇಲಿನ 14ನೇ ವಿಧಿಯಲ್ಲೇ ಇದೆ. ಶಾಟ್ ಕೈ ಬಿಟ್ಟ ಮೇಲೆ ಕಂಟ್ರೋಲ್ ಇಲ್ಲ, ಬರೀ ತಟ್ಟಿದರೆ ಕಂಟ್ರೋಲ್ ಬರುವುದೂ ಇಲ್ಲ. ಆದ್ದರಿಂದ ಬ್ಯಾಕ್ ಕೋರ್ಟ್ ಇಲ್ಲ, ಮೂರು ಸೆಕೆಂಡಿನ ಎಣಿಕೆಯೂ ಇಲ್ಲ. ರೀಬೌಂಡ್ ಹಿಡಿದು ಎರಡೂ ಕಾಲು ಮುಂದಿನ ಅಂಕಣದಲ್ಲಿ ಊರಿ, ಆಮೇಲೆ ಹಿಂದಕ್ಕೆ ಪಾಸ್ ಕೊಟ್ಟು ಜೊತೆಗಾರ ಅರ್ಧ ಗೆರೆಯ ಆಚೆ ಅದನ್ನು ಮೊದಲು ಮುಟ್ಟಿದರೆ ಮಾತ್ರ ಬ್ಯಾಕ್ ಕೋರ್ಟ್. ಮೂರು ಸೆಕೆಂಡನ್ನೂ ಅವನು ಬಾಲ್ ಹಿಡಿದ ಕ್ಷಣದಿಂದ ಹೊಸದಾಗಿ ಎಣಿಸಬೇಕು.